ಇಂಕ್‌ಜೆಟ್ ಡೆಕಾಲ್‌ಗೆ ಪಾರದರ್ಶಕ ಹಾಳೆಯೋ, ಬಿಳಿ ಹಾಳೆಯೋ?

ಡೆಕಾಲ್ ಎಂದರೆ ವಿಶೇಷ ಹಾಳೆಯಲ್ಲಿ ಮುದ್ರಿಸಿ, ನೀರಲ್ಲಿ ಅದ್ದಿ, ತೆಳು ಪದರವಾಗಿ ಜಾರಿಸಿ ವಸ್ತುವಿನ ಮೇಲೆ ಅಂಟಿಸುವ ಚಿತ್ರ ಅಥವಾ ಅಕ್ಷರ. ಮೊದಲು ನೋಡಬೇಕಾದ್ದು ಅದನ್ನು ಅಂಟಿಸುವ ವಸ್ತುವಿನ ಬಣ್ಣ. ಮನೆಯ ಇಂಕ್‌ಜೆಟ್‌ನಲ್ಲಿ ಬಿಳಿ ಶಾಯಿ ಇರುವುದಿಲ್ಲ, ಉಳಿದ ಬಣ್ಣಗಳೂ ಅರೆಪಾರದರ್ಶಕ. ಪಾರದರ್ಶಕ ಹಾಳೆಯಲ್ಲಿ ಮುದ್ರಿಸಿದ ಹಳದಿ ಅಕ್ಷರ ಕಪ್ಪು ಮಾಡೆಲ್ ಕಾರಿನ ಮೇಲೆ ಕಾಣುವುದೇ ಇಲ್ಲ. ಅಲ್ಲಿ ಬಿಳಿ ಹಾಳೆಯೇ ಬೇಕು. ತಿಳಿ ಬಣ್ಣದ ಮೈಗೆ ಪಾರದರ್ಶಕವೇ ಚೆಂದ.

ಕತ್ತರಿಸುವಾಗ ಬಿಳಿ ಹಾಳೆ ತಾಳ್ಮೆ ಬೇಡುತ್ತದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬಿಳಿ ಉಳಿದರೂ ಎದ್ದು ಕಾಣುತ್ತದೆ. ಹಿನ್ನೆಲೆಗೆ ಮಾಡೆಲ್‌ನ ಬಣ್ಣವನ್ನೇ ಮುದ್ರಿಸಿದರೆ ಸ್ವಲ್ಪ ಮರೆಯಾಗುತ್ತದೆ, ಆದರೆ ಪೂರ್ತಿ ಹೊಂದುವುದು ಅಪರೂಪ. ಪಾರದರ್ಶಕದಲ್ಲಿ ಸುತ್ತ 1–2 ಮಿ.ಮೀ. ಬಿಟ್ಟೇ ಕತ್ತರಿಸಬಹುದು.

ಶಾಯಿ ನೀರಿನಲ್ಲಿ ಕರಗುವುದರಿಂದ ಎರಡಕ್ಕೂ ಲೇಪನ ಕಡ್ಡಾಯ. ಮುದ್ರಣ ಚೆನ್ನಾಗಿ ಒಣಗಿದ ಮೇಲೆ ಆಕ್ರಿಲಿಕ್ ಕ್ಲಿಯರ್ ಸ್ಪ್ರೇಯನ್ನು ತೆಳುವಾಗಿ ಮೂರು ಸಲ, ನಡುನಡುವೆ ಒಣಗಿಸುತ್ತಾ ಹೊಡೆಯಿರಿ. ಮೊದಲ ಪದರವೇ ದಪ್ಪವಾದರೆ ಶಾಯಿ ಹರಡುತ್ತದೆ. ಬಿಳಿ ಹಾಳೆಯಲ್ಲಿ ಕತ್ತರಿ ಶಾಯಿಯ ಮೇಲೆಯೇ ಹಾಯುವುದರಿಂದ ಆ ಅಂಚಿಗೆ ರಕ್ಷಣೆ ಇರದು. ಬಣ್ಣ ಬಿಡದಂತೆ ಕತ್ತರಿಸಿದ ಅಂಚಿಗೂ ಲೇಪನ ಸವರಿ. ಉಗುರುಬೆಚ್ಚಗಿನ ನೀರಲ್ಲಿ ಸುಮಾರು 30 ಸೆಕೆಂಡ್ ಅದ್ದಿ ತೆಗೆದು, ಪದರ ಜಾರತೊಡಗುವವರೆಗೆ ತಟ್ಟೆಯಲ್ಲಿಡಿ.

ಉಬ್ಬುತಗ್ಗಿನ ಮೇಲೆ ತೆಳ್ಳನೆಯ ಪದರ ಬೇಗ ಕೂರುತ್ತದೆ. ದಪ್ಪ ಪದರ ಮಡಿಕೆ ಬೀಳುತ್ತದೆ, ಡೆಕಾಲ್ ಮೆದುಗೊಳಿಸುವ ದ್ರಾವಣ ಬೇಕಾದೀತು.

ಲೇಸರ್ ಪ್ರಿಂಟರ್ ಸಿಗುವುದಾದರೆ ಕಪ್ಪು ಅಕ್ಷರಗಳಿಗೆ ಅದೇ ಸುಲಭ: ಅದರ ಶಾಯಿಪುಡಿ (ಟೋನರ್) ನೀರಲ್ಲಿ ಕರಗದು. ಅದರದ್ದೇ ಹಾಳೆ ಬಳಸಿ. ಇಂಕ್‌ಜೆಟ್ ಹಾಳೆ ಒಳಗಿನ ಬಿಸಿಗೆ ಕರಗಿ ಯಂತ್ರಕ್ಕೆ ಅಂಟಬಹುದು.