ಬಾಯ್ಲರ್ ಒತ್ತಡ: ಗಾಳಿ ತುಂಬಿಸುವುದೋ, ವೆಸೆಲ್ ಬದಲಿಸುವುದೋ?

ಬ್ರಿಟನ್ನಿನ ಮನೆಗಳ ಕಾಂಬಿ ಬಾಯ್ಲರಿನಲ್ಲಿ (ನಲ್ಲಿಗೆ ಬಿಸಿನೀರು, ರೇಡಿಯೇಟರುಗಳಿಗೆ ಕಾವು ಎರಡನ್ನೂ ಕೊಡುವ ಯಂತ್ರ), ನೀರು ತಣ್ಣಗಿದ್ದಾಗ, ಒತ್ತಡ ಮಾಪಕದ ಮುಳ್ಳು ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸಬೇಕು. ಬಿಸಿಯಾದಾಗ 3ರತ್ತ ಜಿಗಿದು, ಆರಿದ ಮೇಲೆ ಸೊನ್ನೆಯತ್ತ ಕುಸಿದರೆ ಅನುಮಾನ ಎಕ್ಸ್‌ಪ್ಯಾನ್ಷನ್ ವೆಸೆಲ್ ಮೇಲೆ: ಕಾದು ಹಿಗ್ಗುವ ನೀರಿಗೆ ಜಾಗ ಕೊಡುವ, ರಬ್ಬರ್ ಪೊರೆಯ ಒಂದು ಬದಿ ಗಾಳಿ, ಇನ್ನೊಂದು ಬದಿ ನೀರಿರುವ ಡಬ್ಬಿ ಅದು. ಜಿಗಿತವಿಲ್ಲದೆ ಮೆಲ್ಲಗೆ ಇಳಿಯುತ್ತಿದ್ದರೆ ರೇಡಿಯೇಟರ್ ವಾಲ್ವುಗಳ ಬುಡ ನೋಡಿ. ಹಸಿರುಗಟ್ಟಿದ ಕಲೆ ಸೋರಿಕೆಯ ಗುರುತು. ದಿನವೂ ನೀರು ತುಂಬಿಸಿ ಕಾಲ ತಳ್ಳುವುದು ಮಾತ್ರ ಬೇಡ: ಹೊಸ ನೀರಿನ ಆಮ್ಲಜನಕ ರೇಡಿಯೇಟರಿನ ಉಕ್ಕನ್ನು ಒಳಗಿಂದ ತಿನ್ನುತ್ತದೆ.

ವೆಸೆಲ್‌ನ ಗಾಳಿ ವಾಲ್ವಿನ ಪಿನ್ ಒತ್ತಿದಾಗ ನೀರು ಬಾರದಿದ್ದರೆ ಗಾಳಿ ತುಂಬಿಸುವುದೇ ಅಗ್ಗ. ಮೊದಲು ನೀರಿನ ಒತ್ತಡ ಇಳಿಸಿರಬೇಕು, ಅಷ್ಟೆ. ನೀರು ಚಿಮ್ಮಿತೋ, ರಬ್ಬರ್ ಪೊರೆ ಹರಿದಿದೆ. ಪಂಪ್ ಹೊಡೆಯುವುದು ದಂಡ. ವೆಸೆಲ್ ಬಾಯ್ಲರಿನ ಬೆನ್ನಿಗಿದ್ದರೆ ಬದಲಿಸುವ ಕೂಲಿ ದುಬಾರಿ. ಹೊರಗಿನ ಪೈಪಿಗೆ ಇನ್ನೊಂದನ್ನು ಜೋಡಿಸಲು ಜಾಗವಿದ್ದರೆ ನನ್ನ ಮತ ಅದಕ್ಕೇ. ಬಾಯ್ಲರಿನ ಮುಚ್ಚಳ ಬಿಚ್ಚುವುದಿದ್ದರೆ ಗ್ಯಾಸ್ ಸೇಫ್ (ಬ್ರಿಟನ್ನಿನ ಗ್ಯಾಸ್ ಕೆಲಸಗಾರರ ಅಧಿಕೃತ ಪಟ್ಟಿ) ನೋಂದಾಯಿತ ಎಂಜಿನಿಯರನ್ನೇ ಕರೆಸಿ.