ಟಾಂಜಾನಿಯಾದ ಮೂರು ವಿಮಾನ ನಿಲ್ದಾಣಗಳು: ಬಳ್ಳಾರಿಯ ಪ್ರಯಾಣಿಕನ ಅನಿಸಿಕೆ

ಗಣಿ ಯಂತ್ರಗಳ ದುರಸ್ತಿ ಕೆಲಸದ ಮೇಲೆ ಬಳ್ಳಾರಿಯಿಂದ ಟಾಂಜಾನಿಯಾಕ್ಕೆ ಎರಡು ಬಾರಿ ಹೋಗಿ ಬಂದ ನನಗೆ ಆ ದೇಶದ ಮೂರು ಪ್ರಮುಖ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳನ್ನು ನೋಡುವ ಅವಕಾಶ ಸಿಕ್ಕಿತು.

ದಾರ್ ಎಸ್ ಸಲಾಮ್‌ನ ಜೂಲಿಯಸ್ ನೈರೆರೆ ನಿಲ್ದಾಣವೇ ಎಲ್ಲಕ್ಕಿಂತ ದೊಡ್ಡದು. 2019ರಲ್ಲಿ ಆರಂಭವಾದ ಇದರ ಮೂರನೆಯ ಟರ್ಮಿನಲ್ ವರ್ಷಕ್ಕೆ 60 ಲಕ್ಷ ಪ್ರಯಾಣಿಕರನ್ನು ನಿಭಾಯಿಸುವಂತೆ ಕಟ್ಟಲ್ಪಟ್ಟಿದ್ದು, ವಿಶಾಲವಾಗಿಯೂ ಬೆಳಕಾಗಿಯೂ ಇದೆ. ಆದರೆ ದೇಶದೊಳಗಿನ ವಿಮಾನಗಳು ಹೆಚ್ಚಾಗಿ ಎರಡನೆಯ ಟರ್ಮಿನಲ್‌ನಿಂದ ಹೊರಡುವುದರಿಂದ, ಮುಂದಿನ ಊರಿಗೆ ವಿಮಾನ ಬದಲಿಸುವವರು ನಡುವೆ ಸಾಕಷ್ಟು ಸಮಯ ಇಟ್ಟುಕೊಳ್ಳಬೇಕು. ಅಂಗಡಿಯ ಪ್ಲಾಸ್ಟಿಕ್ ಕೈಚೀಲಗಳನ್ನು ಆ ದೇಶ 2019ರ ಜೂನ್‌ನಿಂದ ನಿಷೇಧಿಸಿದೆ. ಮನೆಯವರು ಕಟ್ಟಿಕೊಟ್ಟ ಶೇಂಗಾ ಹಿಂಡಿ, ಖಡಕ್ ರೊಟ್ಟಿಗಳನ್ನು ನಾನು ಬಟ್ಟೆಯ ಚೀಲದಲ್ಲೇ ಒಯ್ದೆ.

ನನ್ನ ಮನಸ್ಸು ಗೆದ್ದದ್ದು ಮಾತ್ರ ಅರುಷಾ ಮತ್ತು ಮೋಶಿ ಪಟ್ಟಣಗಳ ನಡುವಿನ ಬಯಲಿನಲ್ಲಿ 1971ರಿಂದ ಇರುವ ಕಿಲಿಮಂಜಾರೋ ನಿಲ್ದಾಣ. ವಿಮಾನದಿಂದ ಮೆಟ್ಟಿಲಿಳಿದು ನಡೆದೇ ಕಟ್ಟಡ ಸೇರುವಾಗ, ಮೋಡವಿಲ್ಲದಿದ್ದರೆ 5,895 ಮೀಟರ್ ಎತ್ತರದ ಪರ್ವತ ಎದುರಿಗೇ ಕಾಣುತ್ತದೆ. ಬಳ್ಳಾರಿ ಗುಡ್ಡದ ಏಕಶಿಲೆಯನ್ನು ನೋಡುತ್ತ ಬೆಳೆದ ನಾನೂ ಅಲ್ಲಿ ಕ್ಷಣಕಾಲ ನಿಂತುಬಿಟ್ಟೆ.

ಜಾಂಜಿಬಾರ್‌ನ ಅಬೈದ್ ಅಮಾನಿ ಕರುಮೆ ನಿಲ್ದಾಣ ಪ್ರವಾಸಿಗರದ್ದು. ಅಲ್ಲಿನ ಹಳೆಯ ಪಟ್ಟಣವಾದ ಸ್ಟೋನ್ ಟೌನ್ ಸಮೀಪದಲ್ಲೇ ಇದೆ.

ಈ ಮೂರರಲ್ಲೊಂದರ ಹೊರಗೆ ಟ್ಯಾಕ್ಸಿಯವನೊಬ್ಬ ಮೊದಲು ಹೇಳಿದ್ದಕ್ಕಿಂತ ದುಪ್ಪಟ್ಟು ಬಾಡಿಗೆ ಕೇಳಿದ್ದುಂಟು. ದರವನ್ನು ಹತ್ತುವ ಮೊದಲೇ ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು.