ಬಿಸಿಲಿನ ಮಧ್ಯಾಹ್ನಕ್ಕೆ ಓದೋಕೆ, ಕೇಳೋಕೆ

ಮೇ ತಿಂಗಳಲ್ಲಿ ಕಲಬುರಗಿಯ ಮಧ್ಯಾಹ್ನ ಹೊರಗೆ ಕಾಲಿಡುವ ಹಾಗಿಲ್ಲ. ಏನು ಓದಲಿ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಗೀತಾ ನಾಗಭೂಷಣ ಅವರ ‘ಬದುಕು’. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ನಮ್ಮ ಜಿಲ್ಲೆಯವರು ಅನ್ನೋದು ನನಗೆ ತುಂಬಾ ಹೆಮ್ಮೆ.

ಈ ಕಾದಂಬರಿಯ ಜನ ನಮ್ಮ ಕಡೆಯ ಮಾತನ್ನೇ ಆಡುತ್ತಾರೆ. ಸಂತೆಯಲ್ಲಿ, ಹೊಲದಲ್ಲಿ ಕಿವಿಗೆ ಬೀಳುವ ಮಾತು. ಎಷ್ಟೋ ಸಿನಿಮಾಗಳು ಸುಮ್ನೆ ನಗಿಸೋಕೆ ಬಳಸುವ ಈ ಭಾಷೆಯಲ್ಲೇ ಹಸಿವು, ಸಿಟ್ಟು, ಅವಮಾನ ಎಲ್ಲ ಬರುತ್ತದೆ. ಬಡ ಹೆಂಗಸರ ಬಗ್ಗೆ ಗೀತಕ್ಕ ಬರೆಯುವಾಗ ಕನಿಕರ ತೋರಿಸುವುದಿಲ್ಲ, ಪಕ್ಕದಲ್ಲೇ ನಿಲ್ಲುತ್ತಾರೆ. ಪುಸ್ತಕ ದಪ್ಪ, ನಡುವೆ ಸ್ವಲ್ಪ ಎಳೆದ ಹಾಗೆ ಅನಿಸುತ್ತದೆ ನಿಜ. ಮೈಸೂರು, ಬೆಂಗಳೂರು ಕಡೆಯವರಿಗೆ ಮೊದಲ ಪುಟಗಳು ತೊಡಕಾಗಬಹುದು. ಜೋರಾಗಿ ಓದಿ ನೋಡಿ, ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸಂಜೆಗೆ ಮಲ್ಲಿಕಾರ್ಜುನ ಮನ್ಸೂರರು ಹಾಡಿದ ವಚನಗಳು. ಅಕ್ಕಮಹಾದೇವಿಯ ‘ಅಕ್ಕ ಕೇಳವ್ವ’ದಿಂದ ಶುರು ಮಾಡಿ. ಹಿಂದೂಸ್ತಾನಿ ಸಂಗೀತದ ಜೈಪುರ-ಅತ್ರೌಲಿ ಘರಾಣೆಯ ಅಷ್ಟು ದೊಡ್ಡ ಗವಾಯಿ, ಆದರೂ ಅಕ್ಕನ ಒಂದು ಮಾತೂ ತಾನಗಳ ವೇಗದ ಸ್ವರಗಳಲ್ಲಿ ಮುಳುಗುವುದಿಲ್ಲ. ಇಯರ್‌ಫೋನ್ ಬೇಡ. ಮನೆಯವರೆಲ್ಲ ಕೇಳುವ ಹಾಗೆ ಹಾಕಿ.

ಪಾಡ್‌ಕಾಸ್ಟ್ ಬೇಕು ಅಂದರೆ ‘ತಲೆ ಹರಟೆ’ ಇದೆ. ಕನ್ನಡದಲ್ಲೇ ಆರಾಮಾಗಿ ಹರಟುತ್ತಾರೆ, ಬೀದರ್ ಕಡೆಗೆ ಹೋಗುವ ಬಸ್ಸಿನಲ್ಲಿ ಕೇಳೋಕೆ ಚೆನ್ನ. ಬೆಂಗಳೂರಿನ ವಾಸನೆ ಸ್ವಲ್ಪ ಜಾಸ್ತಿ. ನಮ್ಮ ಭಾಗದ ದನಿಯಲ್ಲೂ ಇಂಥದ್ದು ಇನ್ನಷ್ಟು ಬರಬೇಕು, ಅಲ್ವಾ?